ಮಣ್ಣು ಪಾಸಾದ ಕಥೆ

ನಾನು ಯಾವ ಪರೀಕ್ಷೆಯಲ್ಲೂ ಫಸ್ಟ್ ಕ್ಲಾಸ್ ಬಂದವನಲ್ಲ. ನಮ್ಮ ವಂಶದಲ್ಲಿ ಆ ಭಾಗ್ಯ ಬಂದದ್ದು ನನ್ನ ಗದ್ದೆಯ ಮಣ್ಣಿಗೆ, ಅದೂ ನಕಲು ಹೊಡೆದು. ಹೊಡೆಸಿದವನು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಹೇಗೂ ಗೊತ್ತಾಗಿದೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ?

ನರಸಿಂಹರಾಜಪುರದಲ್ಲಿ ನನ್ನದೊಂದು ದಿನಸಿ ಅಂಗಡಿ, ಕಡಹಿನಬೈಲಿನಲ್ಲಿ ಮನೆ ಮತ್ತು ಒಂದೆಕರೆ ಗದ್ದೆ. ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ಗದ್ದೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ನಂಬಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಾನು ಕೆಸರಿನ ಗೋಜಿಗೇ ಹೋಗದೆ ಅಂಗಡಿಯ ಪ್ಯಾಕೆಟ್ ಮೊಸರಿನಲ್ಲೇ ಕಾಲ ಹಾಕಿದವನು. ಆದರೆ ಎರಡು ವರ್ಷದಿಂದ ಪೈರು ಕಾಮಾಲೆ ಬಂದ ಹಾಗೆ ಹಳದಿಯಾಗಿ ನಿಲ್ಲತೊಡಗಿತು. ಬದುವಿನ ಆಚೆ ತಿಮ್ಮಪ್ಪನ ಅರ್ಧ ಎಕರೆಯೂ ಹಾಗೇ. ನನಗೆ ಬೆಳೆ ಹೋದರೆ ಅಂಗಡಿಯ ಮೂಟೆ ಇದೆ. ಅವನು ಎಸ್ಟೇಟಿಗೆ ಕೂಲಿಗೆ ಹೋಗುವವನು. ಮನೆಯ ಐದು ಜನ ವರ್ಷವಿಡೀ ಉಣ್ಣಬೇಕಾದದ್ದು ಆ ತುಂಡು ಗದ್ದೆಯ ಅಕ್ಕಿಯನ್ನು.

ಕೃಷಿ ಕಚೇರಿಯವರು ಮಣ್ಣು ತಂದುಕೊಡಿ, ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತೇವೆ ಎಂದರು. ಹೇಗೆ ತೆಗೆಯಬೇಕು ಎಂಬ ಚೀಟಿಯೂ ಸಿಕ್ಕಿತು: ಗದ್ದೆಯಲ್ಲಿ ಅಂಕುಡೊಂಕಾಗಿ ನಡೆದು, ಏಳೆಂಟು ಕಡೆ ಅರ್ಧ ಅಡಿ ಅಗೆದು, ಎಲ್ಲವನ್ನೂ ಬೆರೆಸಿ ಒಂದು ಹಿಡಿ. ಗೊಬ್ಬರಗುಂಡಿಯ ಹತ್ತಿರ ಮಾತ್ರ ತೆಗೆಯಬೇಡಿ ಎಂದು ಕೆಳಗೆ ಗೆರೆ ಎಳೆದಿದ್ದರು. ಎಲ್ಲಿ ಒಳ್ಳೆಯ ಮಣ್ಣು ಸಿಗುತ್ತದೆ ಎಂದು ನನಗೆ ಹೊಳೆದದ್ದೇ ಆ ಗೆರೆಯಿಂದ.

ದಯವಿಟ್ಟು ನನ್ನ ಕಷ್ಟವನ್ನೂ ಕೇಳಿ. ಮೂವತ್ತು ವರ್ಷದಿಂದ ನಾನು ಮಾದರಿ ಎಂದು ತಟ್ಟೆಯಲ್ಲಿ ಇಡುತ್ತಿರುವುದು ನುಚ್ಚು ಆರಿಸಿದ ಅಕ್ಕಿ, ಹುಳುಕಿಲ್ಲದ ಬೇಳೆ. ಮೂಟೆಯ ತಳದ್ದನ್ನು ತೆಗೆದು ತೋರಿಸುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಅದೂ ಅಲ್ಲದೆ ಮಾನದ ಪ್ರಶ್ನೆ. ನಾವು ಬೈಯುವಾಗ ನಿನ್ನ ತಲೆ, ಮಣ್ಣು ಎನ್ನುತ್ತೇವೆ. ಕೆಲಸ ಕೆಟ್ಟರೆ ಮಣ್ಣುಪಾಲಾಯಿತು ಎನ್ನುತ್ತೇವೆ. ಅದೇ ಮಣ್ಣು ನಮ್ಮ ಹೆಸರು ಅಂಟಿಸಿಕೊಂಡು ಕಚೇರಿಗೆ ಹೊರಟಿತೆಂದರೆ, ಹೆಣ್ಣು ತೋರಿಸುವ ದಿನದ ಸಡಗರ! ಗೊಬ್ಬರಗುಂಡಿಯ ಅಂಚಿನ ಕಪ್ಪು ಮಣ್ಣನ್ನು ತೆಗೆದು, ನೆರಳಲ್ಲಿ ಆರಿಸಿ, ಮನೆಯ ಜರಡಿಯಲ್ಲಿ ಜರಡಿ ಹಿಡಿದೆ. ಗುಂಡಿಯ ಮಣ್ಣಿಗೆ ಜರಡಿ ಬಳಸಿದ್ದಕ್ಕೆ ಹೆಂಡತಿ ಗಿರಿಜಳಿಂದ ಬೈಸಿಕೊಂಡದ್ದು ಬೇರೆ.

ಕಾರ್ಡ್ ಬಂತು. ಸಾವಯವ ಅಂಶ ಅಧಿಕ, ರಂಜಕ ಅಧಿಕ, ಹುಳಿ ಇಲ್ಲ, ಹಾಗಾಗಿ ಹುಳಿ ಮುರಿಯುವ ಸುಣ್ಣ ಬೇಡ. ಓದಿದಂತೆಲ್ಲ ನನ್ನ ಎದೆ ಉಬ್ಬಿತು. ತಮಾಷೆಯೆಂದರೆ, ಮಣ್ಣು ಎಲ್ಲಿಯದೆಂದು ಚೆನ್ನಾಗಿ ಗೊತ್ತಿದ್ದವನು ನಾನು, ಆದರೂ ಮೊದಲು ಮೋಸಹೋದವನೂ ನಾನೇ. ಲ್ಯಾಮಿನೇಷನ್ ಮಾಡಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದೆ. ಹರಿಹರಪುರದಿಂದ ಬಂದ ನಂಟರಿಗೆ ಕಾಫಿಗಿಂತ ಮೊದಲು ಅದನ್ನೇ ಕೊಟ್ಟೆ.

ಸಸಿಮಡಿಯ ಕೆಲಸ ಶುರುವಾಗುವ ಹೊತ್ತಿಗೆ ತಿಮ್ಮಪ್ಪ ಬೆಲ್ಲಕ್ಕೆ ಬಂದ. ಕಾರ್ಡನ್ನು ನಿಧಾನವಾಗಿ ಓದಿದ.

"ಹಂಗಾರೆ ಈ ಸರ್ತಿ ಸುಣ್ಣ ಹಾಕದು ಬ್ಯಾಡ ಅಂತೀರಾ ಸಾವ್ಕಾರ್ರೆ?"

"ಕಾರ್ಡಲ್ಲಿ ಹಂಗೇ ಬಂದಿದೆ ಮಾರಾಯ," ಎಂದೆ. ಸುಳ್ಳೇನೂ ಹೇಳಲಿಲ್ಲ ನೋಡಿ. ಅವನು ತಲೆಯಾಡಿಸಿ ಹೋದ.

ಊಟಕ್ಕೆ ಕೂತಾಗ ಇದನ್ನೂ ಹೆಮ್ಮೆಯಿಂದಲೇ ಹೇಳಿದೆ. ಗಿರಿಜ ಬಡಿಸುವ ಸೌಟನ್ನು ಪಾತ್ರೆಗೆ ಹಾಕಿದಳು. "ಗೊಬ್ಬರಗುಂಡಿ ಕಾರ್ಡ್ ನೋಡ್ಕಂಡು ಅಂವ ಸುಣ್ಣ ಬಿಟ್ರೆ, ಅವ್ನ ಮಕ್ಳಿಗೆ ನೀವು ಅಕ್ಕಿ ಅಳೀತೀರಾ?" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಗದ್ದೆ ನನಗೆ ಮರ್ಯಾದೆಯ ವಿಷಯ, ಅವನಿಗೆ ಊಟದ್ದು ಎಂಬ ಲೆಕ್ಕವೇ ನನ್ನ ತಲೆಗೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಗದ್ದೆಗೆ ಹೋದೆ. ತಿಮ್ಮಪ್ಪ ಬದು ಕಡಿಯುತ್ತಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಪೀಠಿಕೆ ಅವನ ಮುಖ ನೋಡುತ್ತಲೇ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅದು ಗದ್ದೆಯ ಮಣ್ಣಲ್ಲ, ಗುಂಡಿಯ ಅಂಚಿನದು, ಸುಣ್ಣ ಬಿಡಬೇಡ. ಬೈಯುತ್ತಾನೆಂದು ಕಾದೆ. ಅವನು ಗುದ್ದಲಿಯ ಮೇಲೆ ಕೈಯೂರಿ ನಿಂತ.

"ನಾನೂ ಮಣ್ಣು ಕೊಟ್ಟಿದ್ದೆ ಸಾವ್ಕಾರ್ರೆ. ಬಸಳೆ ಚಪ್ಪರದ ಬುಡದ್ದು."

ನನಗೆ ನಗು ಬಂತು. ಅವನು ನಗಲಿಲ್ಲ.

"ನನ್ ಕಾರ್ಡು ಸುಳ್ಳು ಅಂತ ನಂಗೆ ಗೊತ್ತಿತ್ತು. ನಿಮ್ದು ನೋಡಿ ಸುಣ್ಣ ಬಿಡಕೆ ಧೈರ್ಯ ಮಾಡಿದ್ದೆ."

ಹೊಸದಾಗಿ ಮಣ್ಣು ತೆಗೆದು ಇಬ್ಬರದನ್ನೂ ಕೊಟ್ಟುಬರೋಣ ಎಂದೆ. ಅವನು ಗುದ್ದಲಿಯನ್ನು ನನ್ನ ಕೈಗೆ ಕೊಟ್ಟ. ಹಿಡಿಕೆ ಇಷ್ಟು ಭಾರವಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಎಲ್ಲಿಂದ ಶುರುಮಾಡಲಿ ಎಂದು ಸುತ್ತ ನೋಡುತ್ತಾ, ಅಭ್ಯಾಸಬಲದಿಂದ ಹಸಿರು ಕಂಡ ಮೂಲೆಯ ಕಡೆಗೇ ಹೆಜ್ಜೆ ಹಾಕಿದೆ.

"ಆಕಡೆ ಅಲ್ಲ," ಎಂದ ತಿಮ್ಮಪ್ಪ. "ಯಾರಿಗೂ ತೋರ್ಸಕೆ ನಾಚ್ಕೆ ಆಗೋ ಜಾಗ ಎಲ್ಲಿ ಅದೆ, ಅಲ್ಲಿಂದ ಅಗೀರಿ."