ಜರಿಗಿಡದ ಕಿವಿಗಳು

ತಲೆಯಲ್ಲಿ ಒಂದು ಕರಿ ಕೂದಲೂ ಉಳಿಯದ ವಯಸ್ಸಿನಲ್ಲಿ ಕಂಡಕಂಡವರಿಂದ ‘ಅಳಿಯಂದ್ರೇ’ ಎಂದು ಕರೆಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಕೊಳಾಯಿ ಕೆಲಸ ಮಾಡುತ್ತಿದ್ದವನಿಗೆ ಅದು ಬಂದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲ್ವಿಚಾರಕಿಯವರೆಗೆ ಎಲ್ಲರಿಗೂ ಅವನು ಅಳಿಯನೇ. ಅಲ್ಲಿನ ಹಿರಿಯ ಮಾಲಿಯ ಒಬ್ಬಳೇ ಮಗಳನ್ನು ಕಟ್ಟಿಕೊಂಡು, ಉದ್ಯಾನದ ಹಿಂಬದಿಯ ಎರಡು ಕೋಣೆಯ ಮನೆಗೆ ಮನೆಅಳಿಯನಾಗಿ ಬಂದವನು ಅವನು. ಮಾಲಿ ಅವನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಉಳಿದವರೂ ಅದನ್ನೇ ಹಿಡಿದುಕೊಂಡರು.

ಮೊದಲು ಬಂದದ್ದು ಒಡೆದ ಕೊಳವೆಯೊಂದನ್ನು ಬೆಸೆಯಲು. ಮಾಲಿಯ ಮಗಳು ಪಕ್ಕದಲ್ಲೇ ಕುಳಿತು ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಬೆಳಗ್ಗೆ ಮುಗಿಯಬೇಕಿದ್ದ ಕೆಲಸವನ್ನು ಮಹಾಶಯ ವಾರವಿಡೀ ಎಳೆದ. ಸರಿಯಾಗಿದ್ದ ತಿರುಪುಗಳನ್ನೂ ಬಿಚ್ಚಿ ಮತ್ತೆ ಬಿಗಿದ. ಮಾಲಿ ಕುರುಡನಲ್ಲ. ವಾರದ ಕೊನೆಗೆ ಅವನನ್ನು ಕರೆದು, “ಕೊಳವೆ ಸರಿಯಾಯ್ತೋ, ಇಲ್ಲ ಮದುವೆ ಆದಮೇಲೇ ಸರಿಯಾಗುತ್ತೋ?” ಎಂದು ಕೇಳಿದರು. ಹುಡುಗನ ಕಿವಿ ಕೆಂಪಾಯಿತು, ಹುಡುಗಿ ಕುಂಡ ಬೀಳಿಸಿದಳು, ಮಾತು ಮುಗಿಯಿತು.

ಮಾವ ಹಾಕಿದ ಷರತ್ತು ಒಂದೇ. “ನೀರು ನಿಂದು, ಗಿಡ ನಂದು. ಗಿಡಕ್ಕೆ ಕೈ ಹಾಕಕೂಡದು.”

ಗಿಡ ಎಂದದ್ದು ಗಾಜಿನ ಮನೆಯ ನಟ್ಟನಡುವೆ ನಿಂತಿದ್ದ ದೊಡ್ಡ ಜರಿಯನ್ನು. ಜರಿಗಿಡ ಎಂದರೆ ಕಲ್ಲಿನ ಸಂದಿಯಲ್ಲಿ ಗೇಣುದ್ದ ಬೆಳೆಯುವುದು ಎಂದುಕೊಂಡು ಬಂದವರು ಇದರ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಬಿಸಿ ನಾಡುಗಳ ಮಳೆಕಾಡಿನಲ್ಲಿ, ಹೊಳೆಯ ಪಕ್ಕದ ಕತ್ತಲಲ್ಲಿ ಬೆಳೆಯುವ ಜಾತಿ ಅದು. ಕಾಂಡ ಗಿಡ್ಡ, ಕಪ್ಪು, ಅಪ್ಪಿಕೊಂಡರೆ ತೋಳಿಗೆ ಸಿಗದಷ್ಟು ದಪ್ಪ. ಅದರಿಂದ ಎದ್ದ ಒಂದೊಂದು ಎಲೆಯೂ ಮೂರು ನಾಲ್ಕು ಆಳಿನಷ್ಟು ಉದ್ದ, ತೊಟ್ಟು ಮನುಷ್ಯನ ತೋಳಿನಷ್ಟು ಗಾತ್ರ. ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಯಲ್ಲಿ ಕಂದು ಧೂಳು ಕೂರುತ್ತದೆ, ಅದೇ ಅದರ ಸಂತಾನ. ಭೂಮಿಯ ಮೇಲೆ ಹೂವು ಎಂಬುದೇ ಹುಟ್ಟದಿದ್ದ ಕಾಲದಿಂದ ಈ ವಂಶ ಹೀಗೇ ಬದುಕಿಕೊಂಡು ಬಂದಿದೆ ಎಂದು ಮಾವ ಹೇಳುವಾಗ, ತಮ್ಮದೇ ಮನೆತನದ ಮಾತು ಆಡುವವರಂತೆ ಎದೆ ಉಬ್ಬಿಸುತ್ತಿದ್ದರು. ಬದುಕಿರುವಷ್ಟು ಕಾಲ ಅತ್ತೆ ಆ ಗಿಡವನ್ನು ‘ನನ್ನ ಸವತಿ’ ಎಂದೇ ಕರೆದಳು. ಆಕೆಯ ಹೊಟ್ಟೆಕಿಚ್ಚಿನಲ್ಲಿ ಅರ್ಧ ತಮಾಷೆ, ಅರ್ಧ ನಿಜ.

ಅಳಿಯನ ತಲೆ ಕೆಡಿಸಿದ್ದು ಬೇರೆ ಸಂಗತಿ.

“ಇಷ್ಟು ಭಾರದ ಎಲೆ ಹೇಗೆ ನಿಂತಿದೆ ಮಾವ? ಒಳಗೆ ಮರ ಇದೆಯಾ?”

“ಗಟ್ಟಿ ಮರ ಅಂತ ಏನೂ ಇಲ್ಲ. ನೀರು. ಒಳಗೆ ತುಂಬಿರೋ ನೀರಿನ ಒತ್ತಡ ಹಿಡಿದು ನಿಲ್ಲಿಸಿದೆ. ತೊಟ್ಟಿನ ಬುಡದಲ್ಲಿ ಊದಿಕೊಂಡಿರೋ ಗಂಟು ನೋಡು, ಅಲ್ಲಿ ನೀರು ಇಳಿದ್ರೆ ಎಲೆ ಮಲಗುತ್ತೆ, ತುಂಬಿದ್ರೆ ಏಳುತ್ತೆ.”

“ಪಂಪ್ ಇಲ್ದೆ?”

“ಪಂಪ್ ಇಲ್ದೆ.”

ಜೀವಮಾನವಿಡೀ ಪಂಪುಗಳ ಜೊತೆ ಗುದ್ದಾಡಿದವನಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕಿರಲಿಲ್ಲ. ಅಂದಿನಿಂದ ಅವನೂ ಅದರ ಭಕ್ತನಾದ, ಕೈ ಹಾಕದ ಭಕ್ತ. ಬಿಸಿಲು ಏರಿದ ದಿನ ಎಲೆಗಳು ಸೋತು ಬಾಗುತ್ತಿದ್ದವು. ಅವನು ತುಂತುರು ಕೊಳವೆ ಬಿಡುತ್ತಿದ್ದ. ಹೊತ್ತು ಇಳಿಯುವಷ್ಟರಲ್ಲಿ ಅವು ಒಂದೊಂದಾಗಿ ತಲೆ ಎತ್ತುತ್ತಿದ್ದವು. ಸಂಜೆ ಅವನು ಮನೆಗೆ ಬಂದ ಕೂಡಲೇ ಮಾವ ಕೇಳುವ ಪ್ರಶ್ನೆ ಒಂದೇ: “ಎದ್ದಿದೆಯಾ?” ಅವನ ಉತ್ತರವೂ ಒಂದೇ: “ಎದ್ದಿದೆ ಮಾವ.” ಮಾವ ಅಳಿಯನ ನಡುವೆ ಬೇರೆ ಮಾತು ಕಡಿಮೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಅಳಿಯನ ಒಂದು ಗುಣ ಇಲ್ಲಿ ಹೇಳಲೇಬೇಕು. ಊರ ನಲ್ಲಿಗಳನ್ನೆಲ್ಲ ಸರಿಮಾಡುವವನ ಮನೆಯ ಅಡುಗೆಕೋಣೆಯ ನಲ್ಲಿ ಮದುವೆಯಾದಾಗಿನಿಂದ ತೊಟ್ಟಿಕ್ಕುತ್ತಿತ್ತು. ಹಾಗೆಯೇ ಗಾಜಿನ ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆಯ ಹಿಂದಿನ ಬಿಸಿನೀರಿನ ಕೊಳವೆಯ ವಾಲ್ವೂ. “ನಾಳೆ ನೋಡೋಣ” ಎನ್ನುವುದು ಅವನ ಬಾಯಲ್ಲಿ ಉಸಿರಿನಷ್ಟು ಸಲೀಸು. ಉದ್ಯಾನದ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಡತಿ, “ಇವರ ನಾಳೆಗೆ ಕಾದು ಕೂತ್ರೆ ನನ್ನ ಪಾತ್ರೆಗಳಿಗೆ ಪಾಚಿ ಕಟ್ಟುತ್ತೆ” ಎಂದು ಟಿಕೆಟ್ ಕೊಳ್ಳುವ ಅಪರಿಚಿತರಿಗೂ ಹೇಳುತ್ತಿದ್ದಳು. ಆದರೆ ಕೊಳವೆಯ ಮೇಲೆ ಕಿಟ್ಟ ಕಟ್ಟಿದ್ದು ಕಂಡರೆ ಮಾತ್ರ ಅವನಿಗೆ ತಡೆಯಲಾಗುತ್ತಿರಲಿಲ್ಲ. ತಂತಿಯ ಬ್ರಷ್ಷು ಸೊಂಟದಲ್ಲೇ ಇರುತ್ತಿತ್ತು. ಕಂಡಲ್ಲಿ ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿದರೇ ಅವನಿಗೆ ಸಮಾಧಾನ.

ಮಾವನ ಮೊಣಕಾಲುಗಳು ಕೈಕೊಟ್ಟು ಅವರು ಮಂಚ ಹಿಡಿದ ಮೇಲೆ ಗಾಜಿನ ಮನೆಯ ಹೊಣೆ ಅಳಿಯನ ಹೆಗಲಿಗೆ ಬಿತ್ತು. ಬಣ್ಣ ಬಳಿಸುವ ಕಾಲ ಬಂದಿತ್ತು. “ಒಳಗೆಲ್ಲ ಒಮ್ಮೆ ಚೊಕ್ಕ ಮಾಡಿಬಿಡಿ ಅಳಿಯಂದ್ರೇ” ಎಂದರು ಮೇಲ್ವಿಚಾರಕಿ. ಅವರು ಹೇಳಿದ್ದು ನೆಲ, ಗಾಜು, ಕೊಳವೆಗಳ ಮಾತು. ಅವನು ನೆಲ ತೊಳೆದ, ಗಾಜು ಒರೆಸಿದ, ಕೊಳವೆ ಉಜ್ಜಿದ. ಆಮೇಲೆ ಅವನ ಕಣ್ಣು ಜರಿಯ ಕಾಂಡದ ಮೇಲೆ ಬಿತ್ತು. ಹಳೆಯ ಎಲೆಗಳು ಉದುರಿದ ಜಾಗದಲ್ಲೆಲ್ಲ ಕಪ್ಪಗೆ, ದಪ್ಪಗೆ, ಜೋಡಿ ಜೋಡಿಯಾಗಿ ಏನೋ ಅಂಟಿಕೊಂಡಿತ್ತು. ಅವನ ಕಣ್ಣಿಗೆ ಅದು ಥೇಟ್ ಕಿಟ್ಟ. ಪಾಪ, ಗಿಡ ಇಷ್ಟು ವರ್ಷ ಈ ಕೊಳೆ ಹೊತ್ತು ನಿಂತಿದೆಯಲ್ಲ ಎಂದು ಮರುಕಪಟ್ಟ. ಮಾವನ ಷರತ್ತು ನೆನಪಾಗದೆ ಇರಲಿಲ್ಲ. ಆದರೆ ಇದು ಗಿಡವಲ್ಲ, ಗಿಡದ ಮೇಲಿನ ಕೊಳೆ ಎಂದು ತನಗೆ ತಾನೇ ವಕೀಲನಾದ. ಬ್ರಷ್ಷು, ಉಳಿ ಎರಡೂ ಹಿಡಿದು ಕಾಂಡವನ್ನು ಸುತ್ತಲೂ ಕೆರೆದು ನುಣ್ಣಗೆ ಮಾಡಿದ. ಚೀಲದಲ್ಲಿ ತುಂಬಿಸಿಕೊಂಡು ಹೋಗಿ ಬಾಯ್ಲರ್ ಕೋಣೆಯ ಹಿಂದಿನ ಹಳೇ ಮರಳಿನ ರಾಶಿಯ ಮೇಲೆ ಸುರಿದ. ಆ ರಾತ್ರಿ ಹೆಂಡತಿಗೆ, “ನಿಮ್ಮಪ್ಪನ ಗಿಡ ಈಗ ಮದುಮಗನ ಹಾಗಿದೆ” ಎಂದು ಬೀಗಿದ.

ಒಂದೆರಡು ತಿಂಗಳಲ್ಲಿ ಮದುಮಗನ ಬಣ್ಣ ಬಯಲಾಯಿತು. ಒಂದು ಎಲೆ ಬಾಗಿತು. ನೀರು ಬಿಟ್ಟ, ಏಳಲಿಲ್ಲ. ಇನ್ನೊಂದು ಬಾಗಿತು. ಅವನು ಪಂಪು ಬಿಚ್ಚಿ ನೋಡಿದ, ಕೊಳವೆಗಳಲ್ಲಿ ಕೈ ಆಡಿಸಿದ, ತೂತುಗಳನ್ನು ಸೂಜಿಯಿಂದ ಚುಚ್ಚಿ ಬಿಡಿಸಿದ. ನೀರಿನಲ್ಲಿ ತಪ್ಪಿರಲಿಲ್ಲ. ಗಾಯಗಳ ಮೂಲಕ ಕಾಂಡದೊಳಗೆ ಕೊಳೆ ಇಳಿದಿತ್ತು. ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗುತ್ತಿತ್ತು.

ಮೇಲ್ವಿಚಾರಕಿ ಬಂದು ಮಂಡಿಯೂರಿ ಕೂತು ನೋಡಿದರು. ಗಿಡಗಳ ಬಗ್ಗೆ ಓದಿಕೊಂಡವರು, ಕ್ಷಣದಲ್ಲಿ ಹಿಡಿದರು.

“ಇಲ್ಲೆಲ್ಲ ಕಿವಿಗಳು ಇರಬೇಕಿತ್ತಲ್ಲ ಅಳಿಯಂದ್ರೇ. ಪ್ರತಿ ಎಲೆ ಬುಡದಲ್ಲೂ ಎರಡೆರಡು ಕಿವಿ ಥರ ಇರುತ್ತೆ. ಎಲೆ ಉದುರಿದ ಮೇಲೂ ಅವು ಉಳ್ಕೊಂಡು ಕಾಂಡಾನ ಕಾಪಾಡ್ತವೆ. ಒಂದೇ ಒಂದು ಕಿವಿ ಇದ್ರೂ ಹೊಸ ಗಿಡ ಎಬ್ಬಿಸಬಹುದಿತ್ತು. ಹಳೇವೆಲ್ಲ ಹೋಗಿವೆ, ಎಲೆ ಇರೋ ಕಡೆಯವೂ ಕೊಳೆತಿವೆ. ಇಲಿಗಳ ಕಾಟ ಇರಬೇಕು.”

ನಾನೇ ಆ ಇಲಿ ಎಂದು ಅಳಿಯ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಅವನ ಕೈಯಿಂದಲೇ ಗಾಜಿನ ಮನೆಯ ಮೂಲೆಮೂಲೆಗೆ ಇಲಿಬೋನು ಇಡಿಸಿದರು. ಇಲ್ಲದ ಇಲಿಗಳಿಗೆ ಅವನು ದಿನವೂ ಹೊಸ ರೊಟ್ಟಿ ಚೂರು ಸಿಕ್ಕಿಸಿದ. ಇದಕ್ಕಿಂತ ಅವಮಾನದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಮರಳಿನ ರಾಶಿಯ ಹತ್ತಿರವೂ ಕದ್ದು ಹೋಗಿ ಬಂದ. ಸುರಿದದ್ದು ಹಾಗೇ ಬಿದ್ದಿತ್ತು, ಒಲೆಯಿಂದ ತೆಗೆದ ಇದ್ದಿಲಿನ ಹಾಗೆ. ಒಂದನ್ನು ಮುರಿದ. ಒಳಗೆ ಪುಡಿಪುಡಿ. ಕಥೆ ಮುಗಿಯಿತು ಎಂದುಕೊಂಡು ಕೈ ಒರೆಸಿಕೊಂಡ.

ಸಂಜೆ ಮಂಚದಿಂದ ಪ್ರಶ್ನೆ ಬರುತ್ತಲೇ ಇತ್ತು. “ಎದ್ದಿದೆಯಾ?”

“ಎದ್ದಿದೆ ಮಾವ.”

ಪ್ರತಿ ಸಂಜೆಯೂ ಆ ಸುಳ್ಳು ಇನ್ನಷ್ಟು ಭಾರವಾಯಿತು. ನಿಜ ಹೇಳಿದರೆ ಮುದುಕರ ಜೀವ ಅಲ್ಲೇ ನಿಲ್ಲುತ್ತದೆಯೋ ಎಂಬ ಹೆದರಿಕೆ ಒಂದು ಕಡೆ. ಹೇಳುವ ಮೊದಲೇ ಅವರು ಹೋಗಿಬಿಟ್ಟರೆ ತಾನು ಯಾವ ಮುಖ ಹೊತ್ತು ಆ ಮನೆಯಲ್ಲಿ ಇರುವುದು ಎಂಬ ಹೆದರಿಕೆ ಇನ್ನೊಂದು ಕಡೆ. ಊಟ ಸೇರುತ್ತಿರಲಿಲ್ಲ. ಹೆಂಡತಿ ಎಲ್ಲ ಬಲ್ಲವಳು, ಆದರೂ ಅಪ್ಪನ ಎದುರು ತುಟಿ ಬಿಚ್ಚಲಿಲ್ಲ. ಒಂದು ದಿನ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಅಂದಳು:

“ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ. ನೀವು ಹೇಳಿದ್ರೆ ಮಾತು ಆಗುತ್ತೆ.”

ಕೊನೆಯ ಎಲೆ ನೆಲಕ್ಕೆ ಒರಗಿದ ಸಂಜೆ ಅವನು ಸೀದಾ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ.

“ಎದ್ದಿದೆಯಾ?”

“ಇಲ್ಲ ಮಾವ. ಎಲ್ಲಾ ಬಿದ್ದೋಯ್ತು. ನಾನೇ ಕೊಂದೆ.”

ಹೇಳಿದ. ಬ್ರಷ್ಷು, ಉಳಿ, ಚೀಲ, ಇಲಿಬೋನು, ಒಂದನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಮಗುವಿನ ಹಾಗೆ ಅತ್ತುಬಿಟ್ಟ. ಮಾವ ಗೋಡೆಯ ಕಡೆ ಹೊರಳಿದರು. ಬೈಗುಳಕ್ಕೆ ಅವನು ತಲೆ ತಗ್ಗಿಸಿ ಕಾದ. ಬಂದದ್ದು ಪ್ರಶ್ನೆ.

“ಕಿವಿಗಳನ್ನ ಎಲ್ಲಿ ಹಾಕ್ದೆ?”

“ಬಾಯ್ಲರ್ ಹಿಂದೆ, ಮರಳಿನ ಮೇಲೆ. ಇದ್ದಿಲಾಗಿವೆ ಮಾವ. ನೋಡಿದೀನಿ.”

“ಮೇಲಿದ್ದಿದ್ದು ನೋಡಿದೀಯ. ಅಡಿ ನೋಡಿದೀಯಾ?”

ಅಳಿಯ ತಲೆ ಎತ್ತಿದ.

“ನನ್ನ ಎತ್ಕೋ,” ಎಂದರು ಮಾವ.

ಅಷ್ಟು ವರ್ಷದಲ್ಲಿ ಅವನು ಮಾವನನ್ನು ಮುಟ್ಟಿದ್ದೇ ಕಡಿಮೆ. ಬೆನ್ನ ಮೇಲೆ ಹೊತ್ತಾಗ ಅವರು ಒಣಗಿದ ಎಲೆಯಷ್ಟು ಹಗುರ. ಹೆಂಡತಿ ಕುರ್ಚಿ, ಕಂಬಳಿ ಹಿಡಿದು ಹಿಂದೆ ಬಂದಳು. ಬಾಯ್ಲರ್ ಕೋಣೆಯ ಹಿಂದೆ ಇನ್ನೂ ಸಂಜೆಯ ಬೆಳಕಿತ್ತು. ಸೋರುವ ವಾಲ್ವಿನಿಂದ ಉಗುರುಬೆಚ್ಚಗಿನ ನೀರು ತಟ ತಟ ಎಂದು ಮರಳಿನ ಮೇಲೆ ಬೀಳುತ್ತಿತ್ತು. ಮಾವ ಕುರ್ಚಿಯಿಂದ ಬಾಗಿ, ಮೇಲಿನ ಇದ್ದಿಲುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ನೀರು ಬೀಳುವ ಜಾಗದಲ್ಲಿ ಕೈ ಒಳಗೆ ಇಳಿಸಿ, ಒದ್ದೆ ಮರಳಿನಿಂದ ಒಂದು ತುಂಡನ್ನು ಮೆಲ್ಲಗೆ ಮೇಲೆತ್ತಿದರು. ಗಟ್ಟಿಯಾಗಿತ್ತು. ಅದರ ಮಗ್ಗುಲಿನಲ್ಲಿ ಪುಟ್ಟ ಮಗುವಿನ ಮುಚ್ಚಿದ ಮುಷ್ಟಿಯ ಹಾಗೆ, ಕಂದು ರೋಮ ಹೊದ್ದು, ಸುರುಳಿ ಸುತ್ತಿಕೊಂಡ ಒಂದು ಮೊಳಕೆ.

ಮಾವ ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. ಕೆಲವು ಕೊಳೆತಿದ್ದವು, ಕೆಲವು ಬರೀ ಗಂಟುಗಳು. ಮೂರರಲ್ಲಿ ಜೀವ ಕಣ್ಣು ಬಿಟ್ಟಿತ್ತು.

“ಇವಕ್ಕೆ ಬೇಕಾಗಿದ್ದು ಇಷ್ಟೇ ನೋಡು. ನೆರಳು, ಬಿಸುಪು, ಬಿಡದೆ ತೊಟ್ಟಿಕ್ಕೋ ನೀರು. ತಿಂಗಳುಗಟ್ಟಲೆ ಸತ್ತಂಗೆ ಬಿದ್ದಿರ್ತವೆ. ಯಾರಿಗೂ ಅಷ್ಟು ತಾಳ್ಮೆ ಇರಲ್ಲ.” ಮುದುಕರು ವಾಲ್ವಿನ ಕಡೆ ಗಲ್ಲ ಎತ್ತಿದರು. “ನಿನ್ನ ಸೋಮಾರಿತನಕ್ಕಿತ್ತು.”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಳಿಯ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ. ಮಾವ ಮೊದಲು ಸಿಕ್ಕ ಕಿವಿಯನ್ನು ಅವನ ಅಂಗೈ ಮೇಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

“ಇದು ಗಾಜಿಗೆ ತಲೆ ತಾಗಿಸೋದನ್ನ ನಾನು ನೋಡಲ್ಲ. ನೀನೂ ನೋಡ್ತೀಯೋ ಇಲ್ವೋ. ಇವತ್ತಿಂದ ನೀರೂ ನಿಂದು, ಗಿಡಾನೂ ನಿಂದೇ.”

ಮರುದಿನ ಬೆಳಗ್ಗೆ ಅಳಿಯ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಇಲಿಗಳನ್ನು ನಿರಪರಾಧಿಗಳೆಂದು ಸಾರಿ ಬಂದ. ಅವರು ಸಿಟ್ಟಿನಿಂದ ಕೆಂಪಾದರು, ಆಮೇಲೆ ಮೊಳಕೆ ನೋಡಲು ಅವನಿಗಿಂತ ಮುಂದೆ ಓಡಿದರು. ಬೇರು ಬಿಟ್ಟು ಕುಂಡಕ್ಕೆ ಏರುವವರೆಗೆ ಕಿವಿಗಳನ್ನು ಎಲ್ಲೂ ಸಾಗಿಸುವುದು ಬೇಡ, ವಾಲ್ವನ್ನು ಯಾರೂ ರಿಪೇರಿ ಮಾಡಕೂಡದು ಎಂದು ಅಪ್ಪಣೆಯಾಯಿತು. ಆ ಅಪ್ಪಣೆಯನ್ನು ಅಳಿಯ ಚಾಚೂ ತಪ್ಪದೆ ಪಾಲಿಸಿದ.

ಪ್ರಶ್ನೆ ಮಾತ್ರ ನಿಲ್ಲಲಿಲ್ಲ. “ಎದ್ದಿದೆಯಾ?” “ಇನ್ನೂ ಮುಷ್ಟಿ ಬಿಚ್ಚಿಲ್ಲ ಮಾವ.” “ಎದ್ದಿದೆಯಾ?” “ಬೆರಳುದ್ದ.” ಮಾವ ಹೋದ ದಿನ ಅದು ಗೇಣುದ್ದ ಇತ್ತು. ಅಂದು ಬೆಳಗ್ಗೆ ಅದನ್ನು ಕುಂಡದ ಸಮೇತ ತಂದು ತೋರಿಸಿದ್ದ. ಅವರು ಎಲೆಯ ಬುಡದ ಎರಡು ಎಳೆ ಕಿವಿಗಳನ್ನು ಬೆರಳ ತುದಿಯಿಂದ ಸವರಿದ್ದರು.

ಆಮೇಲೆ ಮನೆಯಲ್ಲಿ ಸಂಜೆಗಳು ಮೂಕವಾದವು. ಹೆಂಡತಿ ಅಪ್ಪನಿಗಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಟಿಕೆಟ್ ಹರಿದಳು, ಅಡುಗೆ ಮಾಡಿದಳು, ಮಂಚ ಮಡಿಸಿ ಗೋಡೆಗೆ ಒರಗಿಸಿದಳು. ಅದು ಅಳಿಯನಿಗೆ ಅಳುವಿಗಿಂತ ಕಷ್ಟವಾಗಿತ್ತು. ಒಂದು ಸಂಜೆ ಅವನು ಬಂದು ಚಪ್ಪಲಿ ಬಿಡುವಾಗ ಅಡುಗೆಕೋಣೆಯಿಂದ ಅಪ್ಪನದೇ ಒರಟು ದನಿಯಲ್ಲಿ ಪ್ರಶ್ನೆ ಬಂತು.

“ಎದ್ದಿದೆಯಾ?”

ಅವನು ಹೊಸ್ತಿಲಲ್ಲೇ ನಿಂತ.

“ಎದ್ದಿದೆ. ನನ್ನ ಸೊಂಟದ ಮಟ್ಟ ಬಂದಿದೆ.”

“ಹಾಗಾದ್ರೆ ಈ ನಲ್ಲಿ ಯಾವಾಗ ರಿಪೇರಿ ಮಾಡ್ತೀರಾ?”

ಅಳಿಯ ಒಳಗೆ ಬಂದು, ತೊಟ್ಟಿಕ್ಕುವ ನಲ್ಲಿಯನ್ನು ಕೊರಳು ಓರೆ ಮಾಡಿ ನೋಡಿದ.

“ಇರಲಿ ಬಿಡೇ. ಕೆಳಗೆ ಏನಾದ್ರೂ ಚಿಗುರಬಹುದು.”

ಅವಳು ನಕ್ಕಳು. ನಗುತ್ತ ನಗುತ್ತ ಒದ್ದೆ ಕೈಗಳಿಂದಲೇ ಮುಖ ಮುಚ್ಚಿಕೊಂಡು, ಅಪ್ಪ ಹೋದ ಮೇಲೆ ಮೊದಲ ಸಲ ಅತ್ತಳು.