ಮಧ್ಯಾಹ್ನ ಮೂರರ ತೂಕ

ಇವತ್ತು ಕೆಮ್ಮಿನ ಔಷಧಕ್ಕೆಂದು ಅಂಗಡಿಗೆ ಹೋಗಿದ್ದೆ. ಒಳಗಿನಿಂದ ಸ್ಪಿರಿಟ್ಟಿನ ವಾಸನೆ ಬಂತು ನೋಡಿ, ಕೆಮ್ಮು ಮರೆತು ಸುಮತಿಬಾಯಿ ನೆನಪಾದರು.

ಐವತ್ತರ ದಶಕದ ಮಾತು. ಗ್ರಾಂಟ್ ರೋಡಿನ ಒಂದು ಔಷಧದ ಕಂಪನಿಯಲ್ಲಿ ನಾವಿಬ್ಬರೂ ತೂಗುವ ಕೆಲಸಕ್ಕಿದ್ದೆವು. ನಾನು ಉಡುಪಿ ಕಡೆಯವ. ಅವರು ಧಾರವಾಡದವರು, ಗಂಡ ತೀರಿಕೊಂಡ ಮೇಲೆ ಬೊರಿವಲಿಯಲ್ಲಿ ತಂಗಿಯ ಜೊತೆ ಇದ್ದು ದಿನಾ ಲೋಕಲ್ ಹಿಡಿದು ಬರುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ನಮ್ಮದು, ಉಸಿರು ತಾಗಿದರೂ ಮುಳ್ಳು ಅಲ್ಲಾಡುವಂಥದ್ದು. ಬೆಳಿಗ್ಗೆ ನನ್ನ ಪಾಳಿ, ಮಧ್ಯಾಹ್ನ ಅವರದು. ತೂಗುತ್ತಿದ್ದದ್ದು ಮಕ್ಕಳಿಗೆ ಕೊಡುವ ಪುಡಿ, ಹೆಚ್ಚಾದರೆ ಅಪಾಯ.

ಒಂದು ವಾರ, ಅವರು ತೂಗಿಟ್ಟ ಪೊಟ್ಟಣಗಳನ್ನು ಮರುದಿನ ನಾನು ತೂಗಿ ನೋಡಿದರೆ ಕೂದಲೆಳೆಯಷ್ಟು ಹೆಚ್ಚು. ದಿನವೂ ಹೆಚ್ಚೇ. ನಾನು ಗತ್ತಿನಿಂದ ಸಾಹೇಬರಿಗೆ ಚೀಟಿ ಬರೆದೆ: ಬಾಯಿಯವರ ಕೈ ನಡುಗುತ್ತದೆ. ನನ್ನ ಕೈ ಎಷ್ಟು ಗಟ್ಟಿಯೆಂದರೆ, ಸಾಂಬಾರು ಅಂಗಿಗೆ ಬೀಳದ ದಿನವಿರಲಿಲ್ಲ! ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಅವರಿಗೆ ಅಪ್ಪಣೆಯಾಯಿತು.

ಸುಮತಿಬಾಯಿ ಅಳಲಿಲ್ಲ. ನೇರ ನನ್ನ ಮುಂದೆ ಬಂದು ನಿಂತರು. "ತಪ್ಪು ಆಗೇದ, ಖರೆ. ಯಾಕ ಆಗೇದಂತ ತಿಳೀದ ನಾ ಹೋಗೂದಿಲ್ಲ. ಇವತ್ತು ಮಧ್ಯಾಹ್ನ ನೀವೇ ತೂಗ್ರಿ."

ತೂಗಿದೆ. ಮರುದಿನ ನೋಡಿದರೆ ನನ್ನದೂ ಹೆಚ್ಚು.

ಅಲ್ಲಿಗೇ ಬಿಡುವವರಲ್ಲ ಅವರು. ಪುಡಿಯನ್ನು ಬಲತಟ್ಟೆಗೂ ತೂಕದ ಬಟ್ಟುಗಳನ್ನು ಎಡತಟ್ಟೆಗೂ ಅದಲುಬದಲು ಮಾಡಿ ತೂಗಿದರು. ಈಗ ಕಡಿಮೆ ಬಂತು! ಬೆಳಿಗ್ಗೆ ಹಾಗೇ ಮಾಡಿದರೆ ವ್ಯತ್ಯಾಸವೇ ಇಲ್ಲ.

"ಕೈಯಿಂದಲ್ಲ ಇದು. ಮಧ್ಯಾಹ್ನಕ್ಕ ಏನೋ ಬಂದು ತಕ್ಕಡೀನ ಕೆಡಸ್ತದ," ಎಂದರು.

"ರೈಲಿನ ಅದುರು ಇರ್ಬಹುದಾ?" ಎಂದೆ.

"ರೈಲು ಬೆಳಿಗ್ಗೆ ಓಡೂದಿಲ್ಲೇನ್ರಿ?"

ಫ್ಯಾನು ನಿಲ್ಲಿಸಿ ನೋಡಿದರು. ಬಾಗಿಲು ಮುಚ್ಚಿ ನೋಡಿದರು. ಆರು ದಿನ ಏನೂ ಸಿಗಲಿಲ್ಲ. ಏಳನೆಯ ದಿನ ಮೂರು ಗಂಟೆಗೆ, ಮಗುವಿನ ಜ್ವರ ನೋಡುವ ಹಾಗೆ ಪೆಟ್ಟಿಗೆಯ ಗಾಜಿಗೆ ಅಂಗೈ ಇಟ್ಟರು. ಎಡಗಡೆ ತಣ್ಣಗಿತ್ತು, ಬಲಗಡೆ ಬೆಚ್ಚಗಿತ್ತು. ಎದುರಿನ ಹಳೆಯ ಚಾಳಿನ ಕಟ್ಟಡವನ್ನು, ತೂಕ ತಪ್ಪತೊಡಗಿದ ಆ ವಾರವೇ ಕೆಡವಿದ್ದರು. ಅದು ತಡೆದಿದ್ದ ಇಳಿಬಿಸಿಲು ಈಗ ನಮ್ಮ ಕಿಟಕಿಯಿಂದ ನುಗ್ಗುತ್ತಿತ್ತು. ಬಿಸಿಗೆ ತಕ್ಕಡಿಯ ಬಲತೋಳು ತುಸುವೇ ಹಿಗ್ಗಿ, ಆ ಕಡೆ ಇಟ್ಟದ್ದೆಲ್ಲ ಭಾರವಾಗುತ್ತಿತ್ತು. ನಾವು ಬಟ್ಟು ಇಡುತ್ತಿದ್ದದ್ದು ಆ ಕಡೆಯೇ, ಅದಕ್ಕೆ ಸಮವಾಗಲು ಎಡಕ್ಕೆ ಪುಡಿ ಹೆಚ್ಚು ಬೀಳುತ್ತಿತ್ತು.

ಮೇಜನ್ನು ಒಳಗೋಡೆಗೆ ಎಳೆದೆವು. ಪೊಟ್ಟಣಗಳ ತೂಕ ಮತ್ತೆ ಸರಿಹೋಯಿತು. ಅವರ ಕೆಲಸವೂ ಉಳಿಯಿತು.

"ಈಗ ಇನ್ನೊಂದು ಚೀಟಿ ಬರೀರಿ," ಎಂದರು. ಬರೆದೆ: ದೋಷ ಬಿಸಿಲಿನದು. ನನ್ನದೂ ಇತ್ತೆಂದು ಬರೆಯಲಿಲ್ಲ. ಅವರು ಓದಿದರು, ನನ್ನ ಮುಖ ನೋಡಿದರು, ಹೋಗಿ ತೂಗಲು ಕುಳಿತರು.

ನಮಗಿಬ್ಬರಿಗೂ ತುಂಬ ವಯಸ್ಸಾಯಿತು, ಅವರು ಈಗಲೂ ಬೊರಿವಲಿಯಲ್ಲೇ ಇದ್ದಾರೆ. ಇಷ್ಟು ವರ್ಷ ಹಬ್ಬಕ್ಕೆ ಹೋಗಿದ್ದೇನೆ, ಉಂಡು ಬಂದಿದ್ದೇನೆ. ಆ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿದಿದೆ. ಈ ಭಾನುವಾರ ಹೋಗುತ್ತೇನೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಡುತ್ತೇನೆ: "ಪರೀಕ್ಷಿಸದೆ ನಿಮ್ಮ ಮೇಲೆ ಬರೆದೆ, ಬಾಯಿಯವ್ರೇ. ತಪ್ಪು ನನ್ನದು." ಒಳಗೆ ಕರೆದರೆ ಕೂರುತ್ತೇನೆ.