ತಂದೆಯ ಹೆಸರಿನ ಕಾಲಂ

ನಾನು ರಾಯಚೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವವನು. ಏನಾದರೂ ಕೆಟ್ಟರೆ ಮೊದಲು ಎದುರಿನವರ ಮೇಲೆ ಸಿಡುಕುವುದು, ಆಮೇಲೆ ನನ್ನ ಕೆಲಸ ನೋಡಿಕೊಳ್ಳುವುದು ನನ್ನ ಚಾಳಿ. ಆ ಚಾಳಿಯಿಂದ ಒಬ್ಬ ಹುಡುಗಿಯ ಸೀಟು ಕೈತಪ್ಪುವುದರಲ್ಲಿತ್ತು.

ನರ್ಸಿಂಗ್ ಕಲಿಯುವ ಬಡ ಹುಡುಗಿಯರ ಹಾಸ್ಟೆಲೊಂದಕ್ಕೆ ಆನ್‌ಲೈನ್ ಅರ್ಜಿ ಮಾಡಿಕೊಟ್ಟಿದ್ದೆ. ವಾರ್ಡನ್ ಮೇಡಂ ಮೊದಲೇ ಹೇಳಿದ್ದರು: "ದೇವದುರ್ಗ, ಮಾನ್ವಿ ಕಡಿಯಿಂದ ದೇವರಿಗೆ ಬಿಟ್ಟ ತಾಯಂದ್ರ ಮಕ್ಕಳೂ ಬರ್ತಾರ್ರೀ. ಅವರಿಗೆ ಅಪ್ಪನ ಹೆಸರು ಕೇಳಬ್ಯಾಡ್ರಿ. ಅವ್ವನ ಹೆಸರು ಸಾಕು."

ಅವರು ಹೇಳಿದಂತೆ ಅಪ್ಪನ ಹೆಸರು ಕೇಳಲಿಲ್ಲ. 'ತಾಯಿಯ ಹೆಸರು ಮಾತ್ರ' ಎಂದು ಆರಿಸಿದರೆ ತಂದೆಯ ಕಾಲಂ ಮಾಯವಾಗುವಂತೆ ಮಾಡಿದೆ. ದೊಡ್ಡ ಸಮಾಜಸೇವೆ ಮಾಡಿದವನಂತೆ ಬೀಗಿದೆ ಕೂಡ.

ಅರ್ಜಿಯ ಕೊನೆಯ ದಿನ ದೇವದುರ್ಗ ಕಡೆಯ ಮಸರಕಲ್ಲಿನಿಂದ ಒಬ್ಬ ಹುಡುಗಿ, ಅರ್ಜಿಯ ಕೆಳಗಿದ್ದ ನನ್ನ ನಂಬರಿಗೆ ಫೋನ್ ಮಾಡಿದಳು.

"ಸರ್, ಮುಂಜಾನಿಂದ ಬಟನ್ ಒತ್ತಾಕತ್ತೀನ್ರಿ. ಅರ್ಜಿ ಹೋಗವಲ್ದು."

"ಏನಾದ್ರೂ ಬಿಟ್ಟಿರ್ತೀ. ಕೆಂಪಗ ಏನ್ ಬಂದದ ನೋಡು."

"ಏನೂ ಬಂದಿಲ್ರಿ. ಎಲ್ಲಾ ತುಂಬೀನ್ರಿ."

"ಬರೋಬರಿ ತುಂಬಿದ್ರ ಹೋಗ್ತದವ್ವಾ. ನೂರಾರು ಮಂದಿ ತುಂಬ್ಯಾರ, ನಿನಗೊಬ್ಬಾಕಿಗೇ ಯಾಕ ಹೋಗಂಗಿಲ್ಲ?"

ಅವಳು "ಆಯ್ತ್ರಿ ಸರ್" ಎಂದು ಫೋನ್ ಇಟ್ಟಳು. ನಾನು ಚಹಾ ಕುಡಿಯಲು ಹೋದೆ.

ಮರುದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿ, "ಈ ಸಲ ಅವ್ವನ ಹೆಸರಿನ ಅರ್ಜಿ ಒಂದೂ ಬಂದಿಲ್ಲಲ್ರೀ?" ಎಂದರು. ಕೂತು ಪರೀಕ್ಷಿಸಿದೆ. 'ತಾಯಿಯ ಹೆಸರು ಮಾತ್ರ' ಆರಿಸಿ ಬಟನ್ ಒತ್ತಿದರೆ ಪುಟ ಅಲುಗಲಿಲ್ಲ, ತಪ್ಪೆಂದೂ ಹೇಳಲಿಲ್ಲ. ನಾನು ತಂದೆಯ ಕಾಲಮನ್ನು ಬಚ್ಚಿಟ್ಟಿದ್ದೆನೇ ಹೊರತು ಅದಕ್ಕಿದ್ದ 'ಕಡ್ಡಾಯ' ಎಂಬ ನಿಯಮವನ್ನು ತೆಗೆದಿರಲಿಲ್ಲ. ಕಾಣದ ಕಾಲಂ ಖಾಲಿಯಿದೆಯೆಂದು ಬ್ರೌಸರ್ ಅರ್ಜಿಯನ್ನು ತಡೆಯುತ್ತಿತ್ತು. ಎಚ್ಚರಿಕೆ ತೋರಿಸಲು ಅದಕ್ಕೆ ಜಾಗವೇ ಇರಲಿಲ್ಲ. ಸರಿಪಡಿಸಲು ಒಂದೇ ಸಾಲು ಸಾಕಾಯಿತು.

ಇದು ಮೊದಲೇ ಯಾಕೆ ಕಾಣಲಿಲ್ಲ? ಪರೀಕ್ಷೆ ಮಾಡುವಾಗಲೆಲ್ಲ ನನ್ನ ಬೆರಳು ತಾನಾಗಿಯೇ ನನ್ನ ಅಪ್ಪನ ಹೆಸರು ಬರೆಯುತ್ತಿತ್ತು. ಆಮೇಲೆ ಕಾಲಂ ಮಾಯವಾದರೂ ಬರೆದ ಹೆಸರು ಒಳಗೇ ಇರುತ್ತಿತ್ತು, ಪ್ರತಿ ಸಲವೂ ಅರ್ಜಿ ಹೋಗುತ್ತಿತ್ತು. ಅಪ್ಪನಿಲ್ಲದವನಾಗಿ ಒಂದು ಸಲವೂ ನಾನು ಆ ಅರ್ಜಿಯನ್ನು ತುಂಬಿರಲಿಲ್ಲ. ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮೇಡಂಗೆ ನಿಜ ಹೇಳಿ ಬೈಸಿಕೊಂಡೆ. ಅವರು ಎರಡು ದಿನ ಹೆಚ್ಚು ಕೊಟ್ಟರು. ಫೋನ್ ಮಾಡದೆ ಸುಮ್ಮನಾದವರು ಎಷ್ಟು ಮಂದಿಯೋ, ಅವರ ನಂಬರು ನನ್ನ ಬಳಿ ಇರಲಿಲ್ಲ. ಇದ್ದದ್ದು ಆ ಒಬ್ಬಳದೇ. ಅವಳಿಗೆ ಫೋನ್ ಹಚ್ಚಿದೆ. ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದಳು.

"ಈಗ ತುಂಬವ್ವಾ, ಹೋಗ್ತದ" ಎಂದೆ.

"ನಿನ್ನಿ ಏನಾಗಿತ್ರಿ ಸರ್?"

ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು ಬೇರೆ ಮಾತು. "ಸರ್ವರ್ ಬಂದ್ ಇತ್ತು."

ಹೊಲದ ಬದುವಿನಲ್ಲೇ ಕೂತು ಅವಳು ಅರ್ಜಿ ತುಂಬಿದಳು. ನನ್ನ ಪರದೆಯ ಮೇಲೆ ಅದು ಬಂದು ಬಿತ್ತು: ತಾಯಿಯ ಹೆಸರು ಮಾತ್ರ. ಬಂತು ಎಂದು ತಿಳಿಸಿದೆ. ಅವಳು ನಿರಾಳವಾಗಿ ನಕ್ಕಳು.

"ಸಾಲಿಗೆ ಹೆಸರು ಹಚ್ಚೂಮುಂದಿಂದ ಹಿಂಗೇ ಆಗ್ಯಾದ್ರಿ. ಅಪ್ಪನ ಹೆಸರಿಲ್ಲಂತ ಇದೂ ತಗೋವಲ್ದು ಅಂತ ತಿಳಕೊಂಡಿದ್ದೆ. ಅದಕ್ಕಲ್ಲ, ಹೌದಿಲ್ರಿ ಸರ್?"

"ಅದಕ್ಕಲ್ಲವ್ವಾ" ಎಂದೆ.

ಅದಕ್ಕೇ ಆಗಿತ್ತು.